ಹೊಗೆ ತಿಂದ ಪೈರು ಯಾರ ಲೆಕ್ಕಕ್ಕೆ?

ಶ್ರಾವಕನ ಅಡಿಗೆಮನೆಯಲ್ಲಿ ಜೀವದಯೆಗೆ ಬಿಗಿಯಾದ ಕಾವಲಿದೆ. ನೀರು ಸೋಸಿದ ಮೇಲೆಯೇ ಬಳಕೆಗೆ ಬರುತ್ತದೆ. ಕಾಳು ಆರಿಸಿದ ಮೇಲೆಯೇ ಗಿರಣಿಗೆ ಹೋಗುತ್ತದೆ. ಸೂರ್ಯ ಮುಳುಗುವ ಮುನ್ನ ಊಟ ಮುಗಿಯುತ್ತದೆ. ಕಂದಮೂಲಗಳು ಹೊಸ್ತಿಲು ದಾಟುವುದಿಲ್ಲ. ಈ ಎಚ್ಚರಿಕೆಯು ತಲೆಮಾರುಗಳಿಂದ ಬಂದ ಸಂಸ್ಕಾರದ ಫಲವಾದ್ದರಿಂದ ಶ್ಲಾಘನೀಯವಾದುದೇ. ಆದರೆ ತಟ್ಟೆಗೆ ಬಂದ ಆ ಕಾಳು ಅದಕ್ಕೆ ಮೊದಲು ತಿಂಗಳುಗಟ್ಟಲೆ ಬಯಲಿನಲ್ಲಿ ನಿಂತು ಉಸಿರಾಡಿದೆ. ಆ ತಿಂಗಳುಗಳಲ್ಲಿ ಪೈರು ಎಂಥ ಗಾಳಿಯನ್ನು ಕುಡಿಯಿತು, ಆ ಗಾಳಿಯಲ್ಲಿ ಯಾರ ಹೊಗೆ ಬೆರೆತಿತ್ತು, ಆ ಹೊಗೆಯ ದೆಸೆಯಿಂದ ತೆನೆಯಲ್ಲಿ ಎಷ್ಟು ಕಾಳು ಕಟ್ಟದೆ ಹೋಯಿತು ಎಂಬ ಪ್ರಶ್ನೆಯನ್ನು ಅಡಿಗೆಮನೆಯೂ ಕೇಳಿಲ್ಲ, ಬಸದಿಯೂ ಕೇಳಿಲ್ಲ.

ಹೊಗೆಯಿಂದಾಗುವ ಬೆಳೆನಷ್ಟವು ಅದನ್ನು ಉಂಟುಮಾಡಿದವನ ಲೆಕ್ಕದಲ್ಲಿ ಇಂದು ಇಲ್ಲ. ವಿದ್ಯುತ್ ಸ್ಥಾವರದ ವೆಚ್ಚಪಟ್ಟಿಯಲ್ಲಿ ಕಲ್ಲಿದ್ದಲಿನ ಬೆಲೆಯಿದೆ, ನೀರಿನ ಬೆಲೆಯಿದೆ, ಸಂಬಳವಿದೆ, ಸಾಲದ ಬಡ್ಡಿಯಿದೆ. ಸುತ್ತಲಿನ ಹೊಲಗಳಲ್ಲಿ ಕಟ್ಟದೆ ಹೋದ ಕಾಳಿನ ಬೆಲೆಯಿಲ್ಲ. ಅಲ್ಲಿ ಬರೆಯದೆ ಬಿಟ್ಟ ಮಾತ್ರಕ್ಕೆ ಆ ನಷ್ಟವು ಮಾಯವಾಗುವುದಿಲ್ಲ. ಅದು ರೈತನ ಮನೆಗೆ ಹೋಗಿ "ಈ ಸಲ ಕಾಳು ಹಿಡಿಯಲಿಲ್ಲ" ಎಂಬ ನಿಟ್ಟುಸಿರಾಗಿ ಕೂಡುತ್ತದೆ. ರೈತನು ಬೀಜವನ್ನು ದೂರುತ್ತಾನೆ, ಮಳೆಯನ್ನು ದೂರುತ್ತಾನೆ, ಕೊನೆಗೆ ತನ್ನ ಕರ್ಮವನ್ನೇ ದೂರಿ ಸುಮ್ಮನಾಗುತ್ತಾನೆ. ಚಿಮಣಿಯ ಕಡೆಗೂ ಒಮ್ಮೆ ನೋಡಬೇಕೆಂದು ಅವನಿಗೆ ಹೇಳಿದವರಿಲ್ಲ. ಒಬ್ಬನ ಲಾಭಕ್ಕಾಗಿ ಇನ್ನೊಬ್ಬನ ಕಣಜದಿಂದ ಅವನು ಕೊಡದ ಕಾಳನ್ನು ತೆಗೆಯುವ ಈ ವ್ಯವಹಾರವು ಹಿಂಸೆಯೂ ಹೌದು, ಚೌರ್ಯವೂ ಹೌದು. ಆದ್ದರಿಂದ ಇದು ವಿಜ್ಞಾನಿಗಳಿಗೆ ಬಿಟ್ಟುಬಿಡತಕ್ಕ ವಿಷಯವಲ್ಲ. ಧರ್ಮವನ್ನು ಆಚರಿಸುತ್ತೇವೆನ್ನುವ ಪ್ರತಿಯೊಂದು ಮನೆತನವೂ ಪ್ರತಿಯೊಂದು ಟ್ರಸ್ಟೂ ಉತ್ತರ ಕೊಡಬೇಕಾದ ವಿಷಯ.

ಮಳೆಯ ಹೆಸರು, ಗಾಳಿಯ ಕೆಲಸ

"ಆಮ್ಲಮಳೆ" ಎಂಬ ಮಾತು ಹೊಸದಲ್ಲ. ಇಂಗ್ಲೆಂಡಿನ ಮ್ಯಾಂಚೆಸ್ಟರಿನ ಮಳೆನೀರನ್ನು ಪರೀಕ್ಷಿಸಿದ ರಸಾಯನಶಾಸ್ತ್ರಜ್ಞ ರಾಬರ್ಟ್ ಆಂಗಸ್ ಸ್ಮಿತ್ 1872ರಲ್ಲಿ ಪ್ರಕಟಿಸಿದ ತನ್ನ ಗ್ರಂಥದಲ್ಲಿ ಅದನ್ನು ಬಳಸಿದನು. ಕಲ್ಲಿದ್ದಲು, ಎಣ್ಣೆಗಳು ಉರಿದಾಗ ಗಂಧಕದ ಡೈಆಕ್ಸೈಡ್ ಮತ್ತು ಸಾರಜನಕದ ಆಕ್ಸೈಡ್‌ಗಳು ಹೊರಬೀಳುತ್ತವೆ. ಇವು ಗಾಳಿಯ ತೇವದಲ್ಲಿ ಕರಗಿ ಗಂಧಕಾಮ್ಲವೂ ನೈಟ್ರಿಕ್ ಆಮ್ಲವೂ ಆಗಿ ಮಳೆಯೊಡನೆ ಇಳಿಯುತ್ತವೆ. ನಿರ್ಮಲವಾದ ಮಳೆನೀರಿನ ಪಿಎಚ್ ಪ್ರಮಾಣವು ಸುಮಾರು 5.6. ಈ ಅಂಕಿ ಒಂದು ಇಳಿದರೆ ಆಮ್ಲತೆ ಹತ್ತು ಪಟ್ಟು ಹೆಚ್ಚುತ್ತದೆ. ಇಂಥ ಮಳೆ ವರ್ಷಾನುಗಟ್ಟಲೆ ಬಿದ್ದ ಮಣ್ಣಿನಿಂದ ಸುಣ್ಣದ ಅಂಶವೂ ಮೆಗ್ನೀಸಿಯಂ ಅಂಶವೂ ತೊಳೆದುಹೋಗುತ್ತವೆ. ಮಣ್ಣಿನ ಕಣಗಳಲ್ಲಿ ಬಂಧಿತವಾಗಿದ್ದ ಅಲ್ಯೂಮಿನಿಯಂ ಬಿಡುಗಡೆಯಾಗಿ ಬೇರುಗಳನ್ನು ಕುಂಠಿತಗೊಳಿಸುತ್ತದೆ. ಬಯಲುಸೀಮೆಯ ಎರೆಮಣ್ಣಿನಲ್ಲಿ ಸುಣ್ಣದ ಅಂಶವು ಹೇರಳವಾಗಿರುವುದರಿಂದ ಅದು ಈ ಪೆಟ್ಟನ್ನು ಬಹುಕಾಲ ತಡೆದೀತು. ಕರಾವಳಿ ಮತ್ತು ಮಲೆನಾಡುಗಳ ಜಂಬಿಟ್ಟಿಗೆ ಮಣ್ಣಿಗೆ ಆ ಶಕ್ತಿಯಿಲ್ಲ. ಅದು ಸ್ವಭಾವತಃ ಹುಳಿ ಮಣ್ಣು. ಅಲ್ಲಿನ ರೈತನು ಈಗಾಗಲೇ ಸುಣ್ಣ ಹಾಕಿ ಮಣ್ಣನ್ನು ಸರಿಪಡಿಸಿಕೊಳ್ಳಬೇಕಾಗಿದೆ.

ಆದರೆ ಇಲ್ಲೊಂದು ಮುಖ್ಯವಾದ ಸಂಗತಿಯನ್ನು ಮರೆಯಬಾರದು. 1980ರಿಂದ ಹತ್ತು ವರ್ಷಗಳ ಕಾಲ ಅಮೆರಿಕದಲ್ಲಿ ನಡೆದ ಆಮ್ಲಮಳೆಯ ರಾಷ್ಟ್ರೀಯ ಅಧ್ಯಯನದ ತೀರ್ಮಾನವು ಅನೇಕರ ನಿರೀಕ್ಷೆಗೆ ವಿರುದ್ಧವಾಗಿ ಬಂದಿತು. ಸಾಮಾನ್ಯವಾಗಿ ಬೀಳುವ ಆಮ್ಲಮಳೆಯಿಂದ ಹೊಲದ ಬೆಳೆಗಳ ಇಳುವರಿಗೆ ನೇರವಾಗಿ ಆಗುವ ನಷ್ಟವು ಅಲ್ಪ. ಮಳೆಯಿಲ್ಲದ ದಿನಗಳಲ್ಲಿ ಅನಿಲರೂಪದಲ್ಲೇ ಎಲೆಯನ್ನು ಮುಟ್ಟುವ ಮಾಲಿನ್ಯದಿಂದ, ವಿಶೇಷವಾಗಿ ಓಝೋನಿನಿಂದ, ಆಗುವ ನಷ್ಟವೇ ದೊಡ್ಡದು ಎಂದು ತಿಳಿದುಬಂದಿತು. ಕಳ್ಳನು ಮಳೆಯ ವೇಷದಲ್ಲಿ ಬರುವುದಕ್ಕಿಂತ ಹೆಚ್ಚಾಗಿ ಗಾಳಿಯ ವೇಷದಲ್ಲಿ ಬರುತ್ತಾನೆ.

ಅವನು ಒಳಹೋಗುವ ಬಾಗಿಲು ಎಲೆಯ ಪತ್ರರಂಧ್ರ. ಸಸ್ಯವು ಗಾಳಿಯಿಂದ ತನ್ನ ಆಹಾರವನ್ನು ಪಡೆಯಲು ಈ ಸೂಕ್ಷ್ಮರಂಧ್ರಗಳನ್ನು ತೆರೆಯಲೇಬೇಕು. ತೆರೆದ ಬಾಗಿಲಿನಿಂದ ಗಂಧಕದ ಡೈಆಕ್ಸೈಡ್ ಹೊಕ್ಕು ಎಲೆಯೊಳಗಿನ ತೇವದಲ್ಲಿ ಕರಗಿ ಹರಿತ್ತನ್ನು ಕೆಡಿಸುತ್ತದೆ. ಹೆಚ್ಚಾದಾಗ ಎಲೆಯ ನರಗಳ ನಡುವಿನ ಭಾಗವು ಬಿಳಚಿ ಒಣಗುತ್ತದೆ. ಓಝೋನಿನ ರೀತಿ ಇನ್ನೂ ಗೂಢವಾದುದು. ಆಕಾಶದ ಬಹು ಎತ್ತರದಲ್ಲಿರುವ ಓಝೋನ್ ಭೂಮಿಗೆ ರಕ್ಷೆ. ನೆಲದ ಬಳಿ ಹುಟ್ಟುವ ಓಝೋನ್ ಬೆಳೆಗೆ ವಿಷ. ಇದು ಯಾವ ಚಿಮಣಿಯಿಂದಲೂ ನೇರವಾಗಿ ಬರುವುದಿಲ್ಲ. ಚಿಮಣಿ, ವಾಹನ, ಒಲೆಗಳಿಂದ ಹೊರಟ ಅನಿಲಗಳು ಬಿಸಿಲಿನಲ್ಲಿ ಪರಸ್ಪರ ವರ್ತಿಸಿ ಅದನ್ನು ಹುಟ್ಟಿಸುತ್ತವೆ. ಆದ್ದರಿಂದ ಅದು ಹೊಗೆ ಹುಟ್ಟಿದ ನಗರಕ್ಕಿಂತ ಗಾಳಿ ಬೀಸುವ ದಿಕ್ಕಿನ ಹಳ್ಳಿಯಲ್ಲಿ ಹೆಚ್ಚಾಗಿರುವುದೂ ಉಂಟು. ಅದು ಎಲೆಯೊಳಗೆ ಹೊಕ್ಕು ಆಹಾರ ತಯಾರಿಕೆಯನ್ನು ಕುಗ್ಗಿಸುತ್ತದೆ. ಎಲೆಗೆ ಅಕಾಲದಲ್ಲಿ ಮುಪ್ಪು ಬರುತ್ತದೆ. ಕಾಳಿಗೆ ಹಾಲು ತುಂಬುವ ಹೊತ್ತಿಗೆ ಸಸ್ಯದ ಬಲವೇ ಉಡುಗಿರುತ್ತದೆ. ಗೋಧಿ, ಸೋಯಾ, ದ್ವಿದಳ ಧಾನ್ಯಗಳು, ಹತ್ತಿ ಇವು ಇದಕ್ಕೆ ಬೇಗ ಈಡಾಗುವ ಬೆಳೆಗಳು. ಬಹುತೇಕ ಸಂದರ್ಭಗಳಲ್ಲಿ ಪೈರು ಹಸಿರಾಗಿಯೇ ಕಾಣುತ್ತದೆ. ರಾಶಿ ಮಾಡುವ ದಿನ ಮಾತ್ರ ಚೀಲಗಳು ಕಡಿಮೆ ಬೀಳುತ್ತವೆ.

ತೂಗಿ ನೋಡಿದ ನಷ್ಟ

ಇದು ಊಹೆಯ ಮಾತಲ್ಲ. ಪುಣೆಯ ಭಾರತೀಯ ಉಷ್ಣವಲಯ ಪವನಶಾಸ್ತ್ರ ಸಂಸ್ಥೆಯ ವಿಜ್ಞಾನಿಗಳೂ ಅವರ ಸಹಯೋಗಿಗಳೂ 2014ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ 2005ನೇ ವರ್ಷವೊಂದರಲ್ಲೇ ಓಝೋನಿನಿಂದಾಗಿ ಭಾರತವು ಕಳೆದುಕೊಂಡ ಗೋಧಿ ಸುಮಾರು 35 ಲಕ್ಷ ಟನ್, ಅಕ್ಕಿ ಸುಮಾರು 21 ಲಕ್ಷ ಟನ್. ಹತ್ತಿಯಲ್ಲಿ ನಷ್ಟವು ಸುಮಾರು ಶೇಕಡಾ 5. ಕಳೆದುಹೋದ ಆ ಧಾನ್ಯವು ಬಡತನದ ರೇಖೆಯ ಕೆಳಗಿನ ಸುಮಾರು 9 ಕೋಟಿ 40 ಲಕ್ಷ ಜನರ ಹೊಟ್ಟೆ ತುಂಬಲು ಸಾಕಾಗುತ್ತಿತ್ತೆಂದು ಅದೇ ಅಧ್ಯಯನವು ಹೇಳಿತು. ಅದೇ ವರ್ಷ ಜೆನಿಫರ್ ಬರ್ನಿ ಮತ್ತು ವೀರಭದ್ರನ್ ರಾಮನಾಥನ್ ಅವರು ಪ್ರಕಟಿಸಿದ ಅಧ್ಯಯನವು ಇನ್ನೂ ಕಠೋರವಾದುದು. ಹವಾಮಾನದ ಬದಲಾವಣೆ ಮತ್ತು ವಾಯುಮಾಲಿನ್ಯ ಇವೆರಡೂ ಇಲ್ಲದಿದ್ದರೆ ಬರಬಹುದಾಗಿದ್ದ ಇಳುವರಿಗಿಂತ 2010ರಲ್ಲಿ ಭಾರತದ ಗೋಧಿಯ ಇಳುವರಿಯು ಶೇಕಡಾ 36ರವರೆಗೂ ಕಡಿಮೆಯಿತ್ತೆಂದೂ, ಈ ನಷ್ಟದಲ್ಲಿ ಬಹುಪಾಲು ಮಸಿಯ ಕಣ ಮತ್ತು ಓಝೋನ್‌ಗಳದ್ದೇ ಎಂದೂ ಅವರು ಕಂಡುಕೊಂಡರು.

ಇವೆಲ್ಲ ದೇಶದ ಹೊಗೆಯ ಒಟ್ಟು ಲೆಕ್ಕಗಳು. ಯಾರ ಹೊಗೆ ಎಂದು ಬೇರ್ಪಡಿಸಲಾಗದು ಎಂಬ ನೆಪವು ಇಂಥ ಲೆಕ್ಕಗಳ ಮುಂದೆ ಯಾವಾಗಲೂ ಎದ್ದು ನಿಲ್ಲುತ್ತಿತ್ತು. 2025ರಲ್ಲಿ ಆ ನೆಪವೂ ಬಿದ್ದಿತು. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು ಗಾಳಿಯ ದಿಕ್ಕು, ಸ್ಥಾವರಗಳ ಉತ್ಪಾದನೆ, ಉಪಗ್ರಹಗಳು ಕಂಡ ಪೈರಿನ ಹಸಿರು ಇವನ್ನು ಜೋಡಿಸಿ ಭಾರತದ ಕಲ್ಲಿದ್ದಲು ವಿದ್ಯುತ್ ಸ್ಥಾವರಗಳ ಸಾರಜನಕದ ಡೈಆಕ್ಸೈಡಿನ ಪರಿಣಾಮವನ್ನು ಬೇರ್ಪಡಿಸಿ ತೋರಿಸಿದರು. ಭತ್ತ ಮತ್ತು ಗೋಧಿ ಎರಡೇ ಬೆಳೆಗಳಲ್ಲಿ ಆಗುವ ನಷ್ಟದ ಬೆಲೆ ವರ್ಷಕ್ಕೆ 80 ಕೋಟಿ ಡಾಲರಿಗಿಂತಲೂ ಹೆಚ್ಚು. ಹಾನಿಯು ಸ್ಥಾವರದಿಂದ 100 ಕಿಲೋಮೀಟರ್ ದೂರದವರೆಗೂ ಹಬ್ಬಬಲ್ಲದು. ಸ್ಥಾವರಗಳು ದಟ್ಟವಾಗಿರುವ ಕೆಲವು ಪ್ರದೇಶಗಳಲ್ಲಿ ಇಳುವರಿಯ ನಷ್ಟವು ಶೇಕಡಾ 10ನ್ನೂ ಮೀರುತ್ತದೆ.

ಈ 100 ಕಿಲೋಮೀಟರಿನ ಅಳತೆಯನ್ನು ಕರ್ನಾಟಕದ ನಕ್ಷೆಯ ಮೇಲಿಟ್ಟು ನೋಡತಕ್ಕದ್ದು. ಕೃಷ್ಣೆಯ ದಡದ ಶಕ್ತಿನಗರದಲ್ಲಿ 1985ರಿಂದ ಉರಿಯುತ್ತ ಬಂದ ರಾಯಚೂರು ಸ್ಥಾವರದ ಸಾಮರ್ಥ್ಯ 1,720 ಮೆಗಾವಾಟ್. ಅದೇ ಜಿಲ್ಲೆಯ ಯರಮರಸಿನದು 1,600. ಬಳ್ಳಾರಿಯ ಕುಡತಿನಿಯದು 1,700. ಈ ಮೂರು ಸ್ಥಾವರಗಳ ಸುತ್ತ ಇರುವುದು ಬಂಜರು ಭೂಮಿಯಲ್ಲ. ರಾಜ್ಯದ ಭತ್ತದ ಗದ್ದೆಗಳು, ಹತ್ತಿ ತೊಗರಿಗಳ ಹೊಲಗಳು. ಕರಾವಳಿಯಲ್ಲಿ ಪಡುಬಿದ್ರಿಯ ಬಳಿಯ ಎಲ್ಲೂರಿನ ಸ್ಥಾವರದ ಬೂದಿ, ಉಪ್ಪುನೀರಿನ ತುಂತುರುಗಳು ತಮ್ಮ ಬೆಳೆಗಳ ಮೇಲೆ ಬೀಳುತ್ತಿವೆಯೆಂದು ರೈತರು ವರ್ಷಗಳ ಕಾಲ ದೂರುತ್ತ ಬಂದರು. 2022ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಪೀಠವು ಪರಿಸರ ಪರಿಹಾರವಾಗಿ ಸುಮಾರು 52 ಕೋಟಿ ರೂಪಾಯಿ ತೆರುವಂತೆ ಆದೇಶಿಸಿತು. ಕಾರ್ಕಳ ಮೂಡುಬಿದಿರೆಗಳ ಬಸದಿಗಳಿಂದ ಎಲ್ಲೂರು ದೂರವೇನೂ ಅಲ್ಲ.

ಮೂರು ಸಮಾಧಾನಗಳು

ಹೊಗೆಯ ಪಕ್ಷ ವಹಿಸುವವರು ಮೂರು ಸಮಾಧಾನಗಳನ್ನು ಹೇಳುತ್ತಾರೆ. ಭಾರತದ ಮಳೆ ಆಮ್ಲವಾಗಿಲ್ಲ ಎಂಬುದು ಮೊದಲನೆಯದು. ಇದರಲ್ಲಿ ಅರ್ಧ ಸತ್ಯವಿದೆ. ಇಲ್ಲಿನ ಮಣ್ಣಿನ ಧೂಳು ಕ್ಷಾರಗುಣದ್ದಾಗಿ ಮಳೆಯ ಆಮ್ಲವನ್ನು ಬಹುಮಟ್ಟಿಗೆ ತಣಿಸುತ್ತದೆ. ಆದರೆ ಈ ರಕ್ಷಣೆಯೂ ಕ್ಷೀಣಿಸುತ್ತಿದೆ. ಹವಾಮಾನ ಇಲಾಖೆ ಮತ್ತು ಪುಣೆಯ ಪವನಶಾಸ್ತ್ರ ಸಂಸ್ಥೆಗಳು 1987ರಿಂದ 2021ರವರೆಗಿನ ಮಳೆನೀರನ್ನು ಅಧ್ಯಯನ ಮಾಡಿದಾಗ ಬಹುತೇಕ ಕೇಂದ್ರಗಳಲ್ಲಿ ಪಿಎಚ್ ಇಳಿಯುತ್ತ ಬಂದಿರುವುದು ಕಂಡಿತು. ವಿಶಾಖಪಟ್ಟಣ, ಪ್ರಯಾಗ, ಅಸ್ಸಾಮಿನ ಮೋಹನಬಾರಿಗಳಲ್ಲಿ ಆಮ್ಲತೆ ಎದ್ದು ಕಂಡಿತು. ಇರಲಿ, ಮಳೆ ಆಮ್ಲವಾಗಿಲ್ಲವೆಂದೇ ಒಪ್ಪಿಕೊಂಡರೂ ಧೂಳು ತಣಿಸುವುದು ಮಳೆಹನಿಯ ಆಮ್ಲವನ್ನೇ ಹೊರತು ಎಲೆಯೊಳಗೆ ಹೊಕ್ಕ ಅನಿಲವನ್ನಲ್ಲ, ಓಝೋನನ್ನಂತೂ ಅಲ್ಲವೇ ಅಲ್ಲ. ಮುಂಬಾಗಿಲಿಗೆ ಬೀಗ ಹಾಕಿದೆಯೆಂದು ತೋರಿಸಿ ಹಿತ್ತಿಲ ಬಾಗಿಲಿನ ಕಳವನ್ನು ಅಲ್ಲಗಳೆಯುವ ವಾದವಿದು.

ಎರಡನೆಯ ಸಮಾಧಾನ: ದೇಶದ ಇಳುವರಿ ವರ್ಷದಿಂದ ವರ್ಷಕ್ಕೆ ಏರುತ್ತಿದೆ; ನಷ್ಟವೆಲ್ಲಿ? ಏರಿಕೆಗೆ ಕಾರಣ ಹೊಸ ತಳಿ, ನೀರಾವರಿ, ಗೊಬ್ಬರ ಮತ್ತು ರೈತನ ಬೆವರು. ಗಳಿಸಿದವನ ಜೇಬಿನಿಂದ ಪ್ರತಿದಿನ ಹತ್ತು ರೂಪಾಯಿ ಕದ್ದವನು "ಅವನ ಆದಾಯವೇನೂ ಕಡಿಮೆಯಾಗಿಲ್ಲವಲ್ಲ" ಎಂದರೆ ನ್ಯಾಯಾಧೀಶನು ಬಿಟ್ಟುಬಿಡುವನೇ? ಹೊಗೆ ಕಡಿಮೆಯಾದರೆ ಏನಾಗುತ್ತದೆಂಬುದಕ್ಕೆ ದೃಷ್ಟಾಂತವೂ ಇದೆ. ಅಮೆರಿಕದಲ್ಲಿ 1999ರಿಂದ ಎರಡು ದಶಕಗಳಲ್ಲಿ ಮೆಕ್ಕೆಜೋಳ ಮತ್ತು ಸೋಯಾ ಇಳುವರಿಯಲ್ಲಿ ಆದ ಹೆಚ್ಚಳದ ಸುಮಾರು ಐದನೆಯ ಒಂದು ಪಾಲು ಗಾಳಿ ಶುದ್ಧವಾದುದರ ಫಲವೆಂದು 2021ರ ಅಧ್ಯಯನವೊಂದು ತೋರಿಸಿತು. ಅಲ್ಲಿನ ರೈತನಿಗೆ ಗಾಳಿಯೇ ಹಿಂದಿರುಗಿಸಿದ ಪಾಲು ಇಲ್ಲಿನ ರೈತನಿಗೆ ಇನ್ನೂ ಬಂದಿಲ್ಲ.

ಮೂರನೆಯದು ಸರಕಾರದ ಸಮಾಧಾನ. ಗಾಳಿಯು ಮಾನದಂಡದೊಳಗೇ ಇದೆ ಎಂಬುದು. ಯಾರ ಮಾನದಂಡ? 2009ರ ರಾಷ್ಟ್ರೀಯ ಮಾನದಂಡದ ಪ್ರಕಾರ ಗ್ರಾಮೀಣ ಪ್ರದೇಶವೂ ಸೇರಿದಂತೆ ಸಾಮಾನ್ಯ ಪ್ರದೇಶಗಳಲ್ಲಿ ಗಂಧಕದ ಡೈಆಕ್ಸೈಡ್ ವಾರ್ಷಿಕ ಸರಾಸರಿಯಲ್ಲಿ ಘನಮೀಟರಿಗೆ 50 ಮೈಕ್ರೋಗ್ರಾಂವರೆಗೆ ಇರಬಹುದು. ಸಾರಜನಕದ ಡೈಆಕ್ಸೈಡ್ 40ರವರೆಗೆ. ವಿಶ್ವಸಂಸ್ಥೆಯ ಯೂರೋಪ್ ಆರ್ಥಿಕ ಆಯೋಗವು ಬೆಳೆಗಳಿಗೆ ಗಂಧಕದ ಡೈಆಕ್ಸೈಡಿನಿಂದ ಹಾನಿ ತಟ್ಟುವ ಗಡಿಯನ್ನು 30ಕ್ಕೆ ಇಟ್ಟಿದೆ. ಸಾರಜನಕದ ಆಕ್ಸೈಡ್‌ಗಳಿಗೂ 30ಕ್ಕೇ ಇಟ್ಟಿದೆ. ಅಂದರೆ ಭಾರತದ ಕಾನೂನನ್ನು ಅಕ್ಷರಶಃ ಪಾಲಿಸಿದ ಗಾಳಿಯೂ ಪೈರನ್ನು ಸೊರಗಿಸಬಲ್ಲದು. ಆ ಗಾಳಿಯನ್ನು ಅಳೆಯುವ ಕೇಂದ್ರಗಳು ಬಹುಪಾಲು ನಗರಗಳಲ್ಲಿವೆ. ಅಳೆಯದ ಕಡೆ ತಪ್ಪು ಕಾಣುವುದಿಲ್ಲ. ಕಾಣದ ತಪ್ಪಿಗೆ ದಂಡವಿಲ್ಲ.

ಎತ್ತರದ ಚಿಮಣಿಯ ಹಳೆಯ ಕತೆ

ಕಲ್ಲಿದ್ದಲು ಸ್ಥಾವರಗಳು ಗಂಧಕವನ್ನು ಹಿಡಿದಿಡುವ ಯಂತ್ರಗಳನ್ನು ಅಳವಡಿಸಬೇಕಾಗುವಂಥ ಮಿತಿಗಳನ್ನು ಕೇಂದ್ರ ಸರಕಾರವು 2015ರ ಡಿಸೆಂಬರಿನಲ್ಲಿ ವಿಧಿಸಿತು. ಕೊಟ್ಟ ಅವಧಿ ಎರಡು ವರ್ಷ. ಆ ಅವಧಿಯನ್ನು ಮತ್ತೆ ಮತ್ತೆ ಮುಂದೂಡಲಾಯಿತು. ಕೊನೆಗೆ 2025ರ ಜುಲೈಯಲ್ಲಿ ಹೊರಟ ಅಧಿಸೂಚನೆಯು ಮುಕ್ಕಾಲು ಪಾಲಿಗೂ ಹೆಚ್ಚು ಸ್ಥಾವರಗಳಿಗೆ ಈ ಬಾಧ್ಯತೆಯಿಂದಲೇ ವಿನಾಯಿತಿ ಕೊಟ್ಟಿತು. ದೆಹಲಿ ರಾಜಧಾನಿ ವಲಯದಿಂದ ಅಥವಾ ಹತ್ತು ಲಕ್ಷಕ್ಕೂ ಹೆಚ್ಚು ಜನರಿರುವ ನಗರದಿಂದ 10 ಕಿಲೋಮೀಟರಿನೊಳಗಿದ್ದರೆ ಯಂತ್ರ ಕಡ್ಡಾಯ. ತೀವ್ರವಾಗಿ ಮಲಿನಗೊಂಡ ಪ್ರದೇಶಗಳ ಬಳಿಯಿದ್ದರೆ ಒಂದೊಂದನ್ನೇ ಪರಿಶೀಲಿಸಿ ನಿರ್ಧಾರ. ಉಳಿದವಕ್ಕೆ ಚಿಮಣಿಯು ನಿಗದಿತ ಎತ್ತರಕ್ಕಿದ್ದರೆ ಸಾಕು. ಭಾರತದ ಕಲ್ಲಿದ್ದಲಿನಲ್ಲಿ ಗಂಧಕ ಕಡಿಮೆ, ಯಂತ್ರಕ್ಕೆ ಬೇಕಾದ ಸುಣ್ಣದ ಕಲ್ಲಿಗಾಗಿ ಗಣಿ ತೋಡಿದರೆ ಬೇರೆ ಹಾನಿ ಎಂಬುವು ಅದರ ಸಮರ್ಥನೆಗಳು. ಗಂಧಕ ಕಡಿಮೆಯೆಂಬುದು ನಿಜ. ಆದರೆ ಬೂದಿ ಹೆಚ್ಚಾಗಿ ಶಾಖ ಕಡಿಮೆಯಾದ ಆ ಕಲ್ಲಿದ್ದಲನ್ನು ಉರಿಸುವ ಪ್ರಮಾಣ ಅಗಾಧವಾದುದು. ಗಂಧಕದ ಡೈಆಕ್ಸೈಡನ್ನು ಹೊರಬಿಡುವುದರಲ್ಲಿ ಭಾರತವು ಚೀನವನ್ನೂ ಹಿಂದಕ್ಕೆ ಹಾಕುತ್ತಿದೆಯೆಂದು 2017ರಲ್ಲೇ ಉಪಗ್ರಹಗಳ ಆಧಾರದ ಅಧ್ಯಯನವೊಂದು ತಿಳಿಸಿತ್ತು. ಚೀನವು ಅದೇ ಯಂತ್ರಗಳಿಂದ ತನ್ನ ಹೊಗೆಯನ್ನು ತಗ್ಗಿಸಿಕೊಂಡಿತ್ತು. ಈ ಯಂತ್ರ ತಡೆಯುವುದು ಗಂಧಕವನ್ನು ಮಾತ್ರ. ಸಾರಜನಕದ ಆಕ್ಸೈಡ್‌ಗಳಿಗೆ ಬೇರೆ ಕ್ರಮ ಬೇಕು. ಅಲ್ಲಿಯೂ 2003ರಿಂದ 2016ರವರೆಗಿನ ಸ್ಥಾವರಗಳಿಗೆ ಮೊದಲು ವಿಧಿಸಿದ 300 ಮಿಲಿಗ್ರಾಂ ಮಿತಿಯನ್ನು ಅನಂತರ 450ಕ್ಕೆ ಸಡಿಲಿಸಲಾಯಿತು.

ಈ ವರ್ಗೀಕರಣದಲ್ಲಿ ಎಣಿಸಿದ್ದು ನಗರದ ತಲೆಗಳನ್ನು. ಹೊಲದ ತೆನೆಗಳನ್ನು ಯಾರೂ ಎಣಿಸಲಿಲ್ಲ. ನಗರದಿಂದ ದೂರವಿದ್ದಷ್ಟೂ ಸ್ಥಾವರವು ಹೊಲಗಳಿಗೆ ಹತ್ತಿರವಾಗುತ್ತದೆಂಬ ಸರಳವಾದ ಸಂಗತಿಯು ಅಧಿಸೂಚನೆಯ ಕಣ್ಣಿಗೆ ಬೀಳಲಿಲ್ಲ.

ಎತ್ತರದ ಚಿಮಣಿಯೇ ಪರಿಹಾರವೆಂಬ ನಂಬಿಕೆಯನ್ನು ಜಗತ್ತು ನೂರು ವರ್ಷಗಳ ಹಿಂದೆಯೇ ಪರೀಕ್ಷಿಸಿ ನೋಡಿದೆ. ಕೆನಡಾದ ಟ್ರೇಲ್ ಎಂಬ ಊರಿನಲ್ಲಿ ಸೀಸ ಮತ್ತು ಸತುವನ್ನು ಕರಗಿಸುವ ದೊಡ್ಡ ಕಾರ್ಖಾನೆಯಿತ್ತು. ಅದು 1925 ಮತ್ತು 1927ರಲ್ಲಿ 409 ಅಡಿ ಎತ್ತರದ ಎರಡು ಚಿಮಣಿಗಳನ್ನು ಕಟ್ಟಿತು. ಗಂಧಕದ ಹೊಗೆಯು ಕೊಲಂಬಿಯಾ ನದಿಯ ಕಣಿವೆಯುದ್ದಕ್ಕೂ ಹರಿದು ಗಡಿ ದಾಟಿ ಅಮೆರಿಕದ ವಾಷಿಂಗ್ಟನ್ ರಾಜ್ಯದ ರೈತರ ಬೆಳೆಗಳನ್ನೂ ಮರಗಳನ್ನೂ ಸುಟ್ಟಿತು. ರೈತರು ಸುಮ್ಮನೆ ಕೂಡಲಿಲ್ಲ. ವ್ಯಾಜ್ಯವು ಎರಡು ದೇಶಗಳ ನಡುವಿನ ವ್ಯಾಜ್ಯವಾಯಿತು. 1931ರಲ್ಲಿ ಜಂಟಿ ಆಯೋಗವು 3,50,000 ಡಾಲರ್ ಪರಿಹಾರವನ್ನು ಸೂಚಿಸಿತು. 1938ರಲ್ಲಿ ಮಧ್ಯಸ್ಥ ನ್ಯಾಯಮಂಡಲಿಯು ಅನಂತರದ ಹಾನಿಗಾಗಿ 78,000 ಡಾಲರ್ ವಿಧಿಸಿತು. 1941ರ ಅಂತಿಮ ತೀರ್ಪಿನಲ್ಲಿ ಒಂದು ದೇಶದ ನೆಲದಿಂದೆದ್ದ ಹೊಗೆ ಇನ್ನೊಂದು ದೇಶಕ್ಕೆ ಗಂಭೀರ ಹಾನಿ ಮಾಡುವಂತೆ ನಡೆದುಕೊಳ್ಳುವ ಹಕ್ಕು ಯಾವ ರಾಷ್ಟ್ರಕ್ಕೂ ಇಲ್ಲವೆಂದು ಸಾರಿತು. ಅಂತರರಾಷ್ಟ್ರೀಯ ಪರಿಸರ ನ್ಯಾಯಕ್ಕೆ ಇಂದಿಗೂ ಆಧಾರವಾಗಿರುವ ಆ ತತ್ತ್ವವು ಹುಟ್ಟಿದ್ದು ರೈತರ ಸುಟ್ಟ ಹೊಲಗಳಿಂದ.

ಆ ಕತೆಯ ಇನ್ನೊಂದು ಭಾಗವು ಕೈಗಾರಿಕೋದ್ಯಮಿಗಳು ವಿಶೇಷವಾಗಿ ಗಮನಿಸತಕ್ಕದ್ದು. ಒತ್ತಾಯಕ್ಕೆ ಸಿಕ್ಕಿದ ಮೇಲೆ ಅದೇ ಕಾರ್ಖಾನೆಯು ಹೊಗೆಯಲ್ಲಿನ ಗಂಧಕವನ್ನು ಹಿಡಿದು ಗಂಧಕಾಮ್ಲವನ್ನಾಗಿ ಮಾಡಿ ಅದರಿಂದ ರಸಗೊಬ್ಬರ ತಯಾರಿಸಿ ಮಾರಿತು. ಹೊಲವನ್ನು ಸುಡುತ್ತಿದ್ದ ವಸ್ತುವೇ ಹೊಲಕ್ಕೆ ಆಹಾರವಾಯಿತು. ಇಂದಿನ ಸ್ಥಾವರಗಳ ಯಂತ್ರಗಳೂ ಸುಣ್ಣದ ಕಲ್ಲಿನಿಂದ ಗಂಧಕವನ್ನು ಹಿಡಿದು ಜಿಪ್ಸಂ ಕೊಡುತ್ತವೆ. ಚೌಳುಭೂಮಿಯನ್ನು ಸರಿಪಡಿಸಲು, ಶೇಂಗಾದ ಹೊಲಕ್ಕೆ ಹಾಕಲು ರೈತನು ದುಡ್ಡು ಕೊಟ್ಟು ಕೊಳ್ಳುವುದು ಅದೇ ಜಿಪ್ಸಮನ್ನು. ಗಂಧಕವು ಬೆಳೆಗೆ ಪೋಷಕವೇ ಅಲ್ಲವೇ ಎಂದು ಕೇಳುವವರಿಗೂ ಇದೇ ಉತ್ತರ: ಪೋಷಕವನ್ನು ರೈತನು ಅಳೆದು ಬೇರಿಗೆ ಕೊಡುತ್ತಾನೆ, ಅಳತೆಯಿಲ್ಲದೆ ಎಲೆಗೆ ಊದುವುದು ಪೋಷಣೆಯಲ್ಲ.

ಉದ್ಯೋಗೀ ಹಿಂಸೆ ಎಂಬ ಆಸರೆ

ಸಮಾಜದೊಳಗೆ ಕೇಳಿಬರುವ ಇನ್ನೊಂದು ಮಾತಿದೆ. ಗೃಹಸ್ಥನಿಗೆ ಬಿಡಲು ಹೇಳಿರುವುದು ಸಂಕಲ್ಪೀ ಹಿಂಸೆಯನ್ನು ಮಾತ್ರ. ಆರಂಭೀ, ಉದ್ಯೋಗೀ ಹಿಂಸೆಗಳು ಅವನಿಗೆ ಅನಿವಾರ್ಯ. ಕಾರ್ಖಾನೆ ನಡೆಸುವವನು ಪೈರನ್ನು ಕೊಲ್ಲಬೇಕೆಂದು ಸಂಕಲ್ಪಿಸುವುದಿಲ್ಲವಾದ್ದರಿಂದ ದೋಷವು ಅಲ್ಪ ಎಂಬುದು ಆ ಮಾತು. ಶಾಸ್ತ್ರದ ಅರ್ಧವನ್ನು ಹೇಳಿ ಅರ್ಧವನ್ನು ಮುಚ್ಚಿಡುವ ಮಾತಿದು. ಉದ್ಯೋಗದ ಹಿಂಸೆಗೆ ಇರುವ ರಿಯಾಯಿತಿಯು ಯತ್ನಾಚಾರದೊಡನೆ, ಅಂದರೆ ಸಾಧ್ಯವಿರುವ ಎಚ್ಚರಿಕೆಯನ್ನೆಲ್ಲ ವಹಿಸುವುದರೊಡನೆ ಬಂದಿದೆ. ತತ್ತ್ವಾರ್ಥಸೂತ್ರವು ಹಿಂಸೆಯನ್ನು ನಿರೂಪಿಸುವಾಗ ಪ್ರಮಾದವನ್ನು ಅದರ ಮೂಲದಲ್ಲೇ ಇಟ್ಟಿದೆ. ಹಾನಿಯಾಗುತ್ತದೆಂದು ತಿಳಿದಿಲ್ಲದವನ ಸ್ಥಿತಿ ಬೇರೆ. ಹಾನಿಯನ್ನು ತೂಗಿ ತೋರಿಸಿದ ಮೇಲೆ, ತಡೆಯುವ ಯಂತ್ರವು ಕಣ್ಣೆದುರಿಗಿದ್ದ ಮೇಲೆ, ಕೊಳ್ಳುವ ಶಕ್ತಿಯೂ ಇದ್ದ ಮೇಲೆ, ವಿನಾಯಿತಿ ಸಿಕ್ಕಿತೆಂದು ಕೈಕಟ್ಟಿ ಕೂತವನದು ಪ್ರಮಾದವೇ ಹೊರತು ಅನಿವಾರ್ಯತೆಯಲ್ಲ. ಸರಕಾರವು ಕಾನೂನಿನಿಂದ ವಿನಾಯಿತಿ ಕೊಡಬಲ್ಲದು. ವ್ರತದಿಂದ ವಿನಾಯಿತಿ ಕೊಡುವ ಅಧಿಕಾರ ಯಾವ ಸಚಿವಾಲಯಕ್ಕೂ ಇಲ್ಲ.

ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವು ಅನರ್ಥದಂಡಗಳನ್ನು ಹೇಳುವಾಗ ನೆಲ, ನೀರು, ಬೆಂಕಿ, ಗಾಳಿಗಳನ್ನು ನಿಷ್ಪ್ರಯೋಜನವಾಗಿ ಕೆದಕುವುದನ್ನೂ ಸಸ್ಯಗಳನ್ನು ವ್ಯರ್ಥವಾಗಿ ಕಡಿಯುವುದನ್ನೂ ಪ್ರಮಾದಚರ್ಯೆಯಲ್ಲಿ ಸೇರಿಸಿದೆ. ಒಂದು ಚಿಮಣಿಯ ಹೊಗೆಯಲ್ಲಿ ಈ ಐದೂ ಒಟ್ಟಿಗೆ ನೋಯುತ್ತವೆ. ಬೆಂಕಿಯಿಂದ ಹುಟ್ಟಿ, ಗಾಳಿಯಲ್ಲಿ ಬೆರೆತು, ನೀರಿನೊಡನೆ ಇಳಿದು, ನೆಲವನ್ನು ಹುಳಿಯಾಗಿಸಿ, ಸಸ್ಯವನ್ನು ಸೊರಗಿಸುತ್ತದೆ. ಇದರ ಮೇಲೆ ಅದತ್ತಾದಾನದ ದೋಷವೂ ಕೂಡುತ್ತದೆ. ಅಂಗಡಿಯಲ್ಲಿ ತಕ್ಕಡಿಯನ್ನು ಕೂದಲೆಳೆಯಷ್ಟು ಓರೆಮಾಡಲು ಹೆದರುವ ವರ್ತಕನು ನೂರು ಕಿಲೋಮೀಟರ್ ಸುತ್ತಿನ ಕಣಗಳಲ್ಲಿ ತಕ್ಕಡಿಯನ್ನು ಓರೆಮಾಡುವ ಉದ್ಯಮದ ಷೇರು ಕೊಂಡು ನಿಶ್ಚಿಂತನಾಗಿರುವುದು ಹೇಗೆ? ತಾನು ಮಾಡಿದ್ದಲ್ಲವೆಂದು ಅವನು ಹೇಳಬಹುದು. ಕೃತ, ಕಾರಿತ, ಅನುಮೋದಿತ ಮೂರನ್ನೂ ಒಂದೇ ಸಾಲಿನಲ್ಲಿಟ್ಟ ಧರ್ಮದಲ್ಲಿ ಆ ಉತ್ತರಕ್ಕೆ ಎಡೆಯಿಲ್ಲ.

ನಷ್ಟ ಅನುಭವಿಸುವವನೂ ಹೊರಗಿನವನಲ್ಲ. ಬೆಳಗಾವಿ, ಬಾಗಲಕೋಟೆ, ಧಾರವಾಡ ಸೀಮೆಗಳ ಜೈನರಲ್ಲಿ ಬಹುಮಂದಿ ನೇಗಿಲು ಹಿಡಿದವರು. ಸೋಯಾ, ಕಡಲೆ, ಗೋಧಿ, ಹತ್ತಿ ಬೆಳೆಯುವವರು. ಹಾಗೆಂದು ರೈತನೂ ಸಂಪೂರ್ಣ ನಿರ್ದೋಷಿಯಲ್ಲ. ಕಬ್ಬು ಕಡಿದ ಮೇಲೆ ರವದಿಗೆ ಬೆಂಕಿಯಿಡುವ ರೂಢಿಯು ಅದೇ ಮಸಿಯನ್ನೂ ಓಝೋನ್ ಹುಟ್ಟಿಸುವ ಅದೇ ಅನಿಲಗಳನ್ನೂ ಪಕ್ಕದ ಹೊಲಕ್ಕೆ ಕಳುಹಿಸುತ್ತದೆ. ಲೆಕ್ಕವಿಲ್ಲದಷ್ಟು ಜೀವಿಗಳನ್ನು ಸ್ಥಳದಲ್ಲೇ ಸುಡುತ್ತದೆ. ರವದಿಯನ್ನು ಹೊಲದಲ್ಲೇ ಹರಡಿ ಕೊಳೆಸಿದರೆ ಅದೇ ಗೊಬ್ಬರ.

ಟ್ರಸ್ಟುಗಳು ಮಾಡತಕ್ಕದ್ದು

ಉಪದೇಶವನ್ನು ಇತರರಿಗೆ ಬಿಟ್ಟು ಆಚರಣೆಯನ್ನು ಬಸದಿಯಿಂದಲೇ ಆರಂಭಿಸತಕ್ಕದ್ದು. ಬಸದಿಗಳ ಜಮೀನನ್ನು ಇಟ್ಟಿಗೆ ಭಟ್ಟಿಗಳಿಗೆ ಗೇಣಿಗೆ ಕೊಡುವುದು ನಿಲ್ಲಬೇಕು. ಭಟ್ಟಿಯ ಹೊಗೆಯಿಂದ ಮಾವಿನ ಕಾಯಿಯ ತುದಿ ಕಪ್ಪಾಗಿ ಕೆಡುವ ರೋಗವನ್ನು ಉತ್ತರ ಭಾರತದ ತೋಟಗಾರರು ಬಹುಕಾಲದಿಂದ ಬಲ್ಲರು. ಭಟ್ಟಿ ಆರಿದರೆ ಆ ರೋಗವೂ ಇಲ್ಲ. ಪಂಚಕಲ್ಯಾಣಾದಿ ಮಹೋತ್ಸವಗಳಲ್ಲಿ ಹಗಲಿರುಳು ಡೀಸೆಲ್ ಜನರೇಟರುಗಳು ಹೊಗೆಯುಗುಳುವುದನ್ನು ವೈಭವವೆಂದು ತಿಳಿಯುವ ಪದ್ಧತಿ ಹೋಗಬೇಕು; ಬಸದಿ, ಛತ್ರ, ವಿದ್ಯಾರ್ಥಿನಿಲಯಗಳ ಮಾಡಿನ ಮೇಲೆ ಸೌರ ಫಲಕಗಳು ಬರಬೇಕು. ದಾನ ಕೊಟ್ಟ ಉದ್ಯಮಿಯ ಹೆಸರನ್ನು ಕಲ್ಲಿನಲ್ಲಿ ಕೆತ್ತಿಸುವ ಮುನ್ನ ಅವರ ಕಾರ್ಖಾನೆಯ ಚಿಮಣಿಯಲ್ಲಿ ಹೊಗೆ ತಡೆಯುವ ಯಂತ್ರವಿದೆಯೇ, ಅದು ರಾತ್ರಿಯ ವೇಳೆಯೂ ನಡೆಯುತ್ತದೆಯೇ ಎಂದು ವಿನಯದಿಂದ ಕೇಳುವ ಧೈರ್ಯ ಟ್ರಸ್ಟಿಗಳಿಗೆ ಬರಬೇಕು. ಈ ಪ್ರಶ್ನೆಯಿಂದ ಒಬ್ಬಿಬ್ಬರು ದಾನಿಗಳು ಮುನಿದಾರು. ದೇವರ ಮುಂದಿನ ಅಕ್ಷತೆಯ ರಾಶಿಯು ಯಾರ ಹೊಲದಿಂದ ಕದ್ದ ಕಾಳಿನ ಬೆಲೆಯಲ್ಲಿ ಬಂದುದೆಂದು ತಿಳಿಯದೆ ಇರುವುದಕ್ಕಿಂತ ಆ ಮುನಿಸೇ ಮೇಲು.

ಇದರೊಡನೆ ಸಮಾಜವು ಒಂದಾಗಿ ಸರಕಾರವನ್ನು ಮೂರು ವಿಷಯಗಳಲ್ಲಿ ಒತ್ತಾಯಿಸತಕ್ಕದ್ದು. ಗಾಳಿಯ ಮಾನದಂಡವನ್ನು ಬೆಳೆಯ ಸಹನೆಯ ಗಡಿಗೆ ಇಳಿಸಬೇಕು. ಅಳೆಯುವ ಕೇಂದ್ರಗಳು ಹೊಲಗಳ ನಡುವೆ ಬರಬೇಕು. ಧಾರವಾಡ, ರಾಯಚೂರು ಕೃಷಿ ವಿಶ್ವವಿದ್ಯಾಲಯಗಳಿಗೆ ಸ್ಥಾವರಗಳ ಸುತ್ತಲಿನ ಇಳುವರಿಯನ್ನು ವರ್ಷವರ್ಷವೂ ಪರೀಕ್ಷಿಸಿ ಪ್ರಕಟಿಸುವ ಹೊಣೆಯನ್ನು ವಹಿಸಬೇಕು. ಹಾಗೆ ಕಂಡುಬಂದ ನಷ್ಟವನ್ನು ಹೊಗೆ ಬಿಟ್ಟವನ ಲೆಕ್ಕಕ್ಕೇ ಬರೆಯಬೇಕು. ಇದರಿಂದ ವಿದ್ಯುತ್ತಿನ ದರವು ಕೆಲವು ಪೈಸೆಗಳಷ್ಟು ಏರಿದರೆ ಏರಲಿ. ಆ ಪೈಸೆಗಳನ್ನು ಇಂದೂ ಒಬ್ಬನು ತೆರುತ್ತಲೇ ಇದ್ದಾನೆ. ಅವನಿಗೆ ರಸೀದಿ ಸಿಗುತ್ತಿಲ್ಲ ಅಷ್ಟೆ. ದೀಪ ಹೊತ್ತಿಸಿಕೊಂಡವರು ದೀಪದ ಪೂರ್ಣ ಬೆಲೆಯನ್ನು ಕೊಡುವುದು ದಯೆಯಲ್ಲ, ದಾನವಲ್ಲ, ಸಾಲದ ತೀರುವಳಿ.

ಸೋಸಿದ ನೀರು ಶುದ್ಧ, ಆರಿಸಿದ ಕಾಳು ಶುದ್ಧ ಎಂಬ ನಂಬಿಕೆಯು ಬರಿಯ ಅಡಿಗೆಮನೆಯ ನಿಯಮವಾಗಿ ಉಳಿದರೆ ಅದು ಶುಚಿತ್ವ ಮಾತ್ರ. ಆ ಕಾಳು ಬೆಳೆದ ಹೊಲದ ಗಾಳಿಯವರೆಗೂ ಅದು ಚಾಚಿದಾಗಲೇ ಧರ್ಮವೆನಿಸುತ್ತದೆ.